ಪಹಣಿ ಇದೆ, ಪರ್ಮಿಟ್ ಸಿಗುತ್ತಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕಲಬುರಗಿ, ಬೀದರ್, ಯಾದಗಿರಿ ಕಡೆಯವು. ಅದರಲ್ಲೂ ಮುಕ್ಕಾಲು ಪಾಲು ಕೆನಡಾದ ಸ್ಟಡಿ ಪರ್ಮಿಟ್ ಬಗ್ಗೆಯೇ. ಹೆಸರು ಹಾಕಬೇಡಿ ಅಂತ ಎಲ್ಲರೂ ಬರೆದಿದ್ದೀರಿ, ಹಾಗಾಗಿ ಊರು ಮಾತ್ರ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಕಾಲುವೆ ನೀರಿನ ಹನ್ನೆರಡು ಎಕರೆ ಜಮೀನಿದೆ, ಭತ್ತ, ಹತ್ತಿ ಬೆಳೆಯುತ್ತೇವೆ. ಮಗಳಿಗೆ ಕೆನಡಾದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಜಮೀನಿನ ವ್ಯಾಲ್ಯುಯೇಶನ್ ಮಾಡಿಸಿ ಒಂದೂವರೆ ಕೋಟಿ ಅಂತ ಸರ್ಟಿಫಿಕೇಟ್ ಹಾಕಿದರೆ ಸಾಕು, ಬ್ಯಾಂಕಿನಲ್ಲಿ ದುಡ್ಡು ಬೇಕಿಲ್ಲ ಅಂತಾನೆ ಏಜೆಂಟ್. ದುಡ್ಡೇ ಬೇಕು ಅಂದರೆ ಒಂದು ತಿಂಗಳ ಮಟ್ಟಿಗೆ ಅವನೇ ಯಾರ ಹತ್ತಿರವೋ ಹೇಳಿ ನಮ್ಮ ಅಕೌಂಟಿಗೆ ಹಾಕಿಸುತ್ತಾನಂತೆ, ಅದಕ್ಕೆ ಬಡ್ಡಿ ಬೇರೆ. ಏನು ಮಾಡೋದು?
(ಒಬ್ಬ ತಂದೆ, ಶಹಾಪುರ)

ಉತ್ತರ: ಎರಡೂ ಬೇಡ ಯಜಮಾನ್ರೇ. ಎರಡನೆಯದಂತೂ ಬೇಡವೇ ಬೇಡ.

ಮೊದಲು ಜಮೀನಿನ ಮಾತು. ನಿಮ್ಮ ಮಗಳು ಅಲ್ಲಿ ಇಳಿದ ಮೇಲೆ ಫೀ, ಬಾಡಿಗೆ, ಊಟಕ್ಕೆ ದುಡ್ಡು ಕೈಗೆ ಸಿಗುತ್ತಾ ಅನ್ನುವುದನ್ನು ಕೆನಡಾದ ಆಫೀಸರ್ ನೋಡುತ್ತಾರೆ. ಒಂದೂವರೆ ಕೋಟಿಯ ಹೊಲ ಇದ್ದರೂ ಅದನ್ನು ಮಾರುವ ತನಕ ಅದರಿಂದ ಒಂದು ತಿಂಗಳ ಬಾಡಿಗೆಯೂ ಹುಟ್ಟುವುದಿಲ್ಲ ಅಲ್ವಾ, ಅವರ ಲೆಕ್ಕ ಅಷ್ಟೇ. 2025ರ ಸೆಪ್ಟೆಂಬರ್ 1ರಿಂದ ಒಬ್ಬ ವಿದ್ಯಾರ್ಥಿ ಒಂದು ವರ್ಷದ ಜೀವನ ಖರ್ಚಿಗೆ ತೋರಿಸಬೇಕಾದ ಮೊತ್ತ 22,895 ಕೆನಡಾ ಡಾಲರ್. ಕ್ವಿಬೆಕ್ ಪ್ರಾಂತ್ಯಕ್ಕೆ ಹೋಗುವವರ ಲೆಕ್ಕ ಬೇರೆ. ರೂಪಾಯಿಯಲ್ಲಿ ಹದಿನಾಲ್ಕೂವರೆ ಲಕ್ಷದ ಆಸುಪಾಸು ಆಗುತ್ತದೆ, ಡಾಲರ್ ದರ ನೋಡಿಕೊಂಡು ಸ್ವಲ್ಪ ಹೆಚ್ಚೇ ಹಿಡಿಯಿರಿ. ಇದರ ಮೇಲೆ ಮೊದಲ ವರ್ಷದ ಫೀ, ವಿಮಾನದ ಖರ್ಚು. ಮೊದಲು ಇದೇ ಮೊತ್ತ 20,635 ಇತ್ತು, ಇವತ್ತಿಗೂ ಆ ಹಳೇ ಅಂಕಿ ಹೇಳುವ ಏಜೆಂಟರಿದ್ದಾರೆ. ನಿಮ್ಮವನು ಎಷ್ಟು ಹೇಳುತ್ತಾನೆ ಅಂತ ಸುಮ್ನೆ ಕೇಳಿ ನೋಡಿ, ಅವನ ತೂಕ ಗೊತ್ತಾಗುತ್ತದೆ.

ಹಾಗಂತ ಪಹಣಿ ಪೂರ್ತಿ ದಂಡ ಅಲ್ಲ. ಈ ಮನೆಗೆ ಆದಾಯ ಎಲ್ಲಿಂದ ಬರುತ್ತದೆ, ಹುಡುಗಿಗೆ ಊರಿನಲ್ಲಿ ಏನಿದೆ ಅನ್ನುವುದಕ್ಕೆ ಅದು ಒಳ್ಳೆಯ ದಾಖಲೆ. ಹಾಕಿ. ಆದರೆ ಪಹಣಿ ಕನ್ನಡದಲ್ಲಿದೆ, ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರು ನೋಟರಿ ಮುಂದೆ ಅಫಿಡವಿಟ್ ಕೊಡಬೇಕು, ಮೂಲ ಪಹಣಿಯ ಪ್ರತಿಯೂ ಜೊತೆಗಿರಬೇಕು. ಮನೆಯವರು ಅನುವಾದ ಮಾಡುವಂತಿಲ್ಲ. ಅಪ್ಪ, ಅಮ್ಮ, ಅಣ್ಣ ಮಾತ್ರ ಅಲ್ಲ, ಇಂಗ್ಲಿಷ್ ಮೇಷ್ಟ್ರಾಗಿರುವ ಚಿಕ್ಕಪ್ಪನೂ ನಡೆಯುವುದಿಲ್ಲ.

ಇನ್ನು ನಿಜವಾದ ದುಡ್ಡು. ನೀವು ರೈತರು, ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಬಹಳ ಮನೆಗಳಲ್ಲಿ ಐಟಿ ರಿಟರ್ನ್ ಇರುವುದಿಲ್ಲ. ಅದು ತಪ್ಪಲ್ಲ. ಆದರೆ ರಿಟರ್ನ್ ಇಲ್ಲದವರು ಬೇರೆ ಕಾಗದದಿಂದ ಆದಾಯ ತೋರಿಸಬೇಕು, ಆ ಕಾಗದ ನಿಮ್ಮ ಹತ್ತಿರವೇ ಇದೆ. ಹತ್ತಿ, ತೊಗರಿ ಹಾಕಿ ಬಂದಾಗ ಅಡತ್ ಅಂಗಡಿಯವರು ಕೊಡುವ ಪಟ್ಟಿ ಎಲ್ಲಿಟ್ಟಿದ್ದೀರಿ? ಎಷ್ಟು ಚೀಲ, ಎಷ್ಟು ಕ್ವಿಂಟಲ್, ಏನು ದರ, ಹಮಾಲಿ ಎಷ್ಟು ಹಿಡಿದರು, ತೂಕದ ಕೂಲಿ ಎಷ್ಟು, ಕೈಗೆ ಬಂದಿದ್ದು ಎಷ್ಟು ಅಂತ ಅದರಲ್ಲಿ ಎಲ್ಲಾ ಇರುತ್ತದೆ, ಕೆಳಗೆ ಅಂಗಡಿಯ ಸೀಲು. ಆ ಪಟ್ಟಿಯ ಮೊತ್ತ, ತಾರೀಖು ನಿಮ್ಮ ಪಾಸ್‌ಬುಕ್ಕಿನ ಜಮೆಗೆ ಹೊಂದಿದರೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಕಷ್ಟ ಏನು ಅಂದರೆ ನಮ್ಮ ಕಡೆ ಪಟ್ಟಿಯ ದುಡ್ಡನ್ನು ನಗದಾಗಿ ತಂದು, ಅರ್ಧ ಗೊಬ್ಬರದಂಗಡಿಗೆ ಕೊಟ್ಟು, ಉಳಿದದ್ದನ್ನು ಮನೆಯಲ್ಲಿಟ್ಟು, ಮಗಳ ಅರ್ಜಿ ಹಾಕುವ ವಾರ ಒಮ್ಮೆಲೇ ಬ್ಯಾಂಕಿಗೆ ಕಟ್ಟುತ್ತೇವೆ. ನೋಡುವವರ ಕಣ್ಣಿಗೆ ಅದು ಎಲ್ಲಿಂದಲೋ ತಂದ ದುಡ್ಡಾಗಿಯೇ ಕಾಣುತ್ತದೆ. ಮುಂದಿನ ವರ್ಷಕ್ಕೆ ಯೋಚನೆ ಮಾಡುತ್ತಿರುವ ಮನೆಯವರು ಈ ಸುಗ್ಗಿಯಿಂದಲೇ ದುಡ್ಡನ್ನು ಅಕೌಂಟಿಗೆ ಹಾಕಿಸಿಕೊಳ್ಳಲು ಶುರುಮಾಡಿ.

ಕಡಿಮೆ ಬಿದ್ದದ್ದಕ್ಕೆ ಎಜುಕೇಶನ್ ಲೋನ್. ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ ಅನ್ನು ಕೆನಡಾದವರು ಒಪ್ಪುತ್ತಾರೆ. ಆದರೆ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ, ಅದಕ್ಕೆ ಕೃಷಿ ಜಮೀನನ್ನು ಬಹುತೇಕ ಬ್ಯಾಂಕುಗಳು ಹಿಡಿಯುವುದಿಲ್ಲ. ಮನೆ, ಎನ್‌ಎ (ಕೃಷಿಯೇತರ) ಆದ ಸೈಟು, ಎಫ್‌ಡಿ, ಇಂಥದ್ದು ಬೇಕು. ಪಟ್ಟಣದಲ್ಲಿ ಮನೆ ಇದ್ದರೆ ಖಾತಾ ಸರಿ ಇದೆಯಾ ಅಂತ ಈಗಲೇ ನೋಡಿ, ಅದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ. ಇನ್ನೊಂದು ದಾರಿ ಜಿಐಸಿ. ಕೆನಡಾದ ಬ್ಯಾಂಕಿನಲ್ಲಿ ಖರ್ಚಿನ ಮೊತ್ತವನ್ನು ಮೊದಲೇ ಇಡುವುದು, ಮಗಳು ಹೋದ ಮೇಲೆ ಕಂತಿನಲ್ಲಿ ಅವಳಿಗೆ ವಾಪಸ್ ಬರುತ್ತದೆ. ಹಿಂದೆ ಎಸ್‌ಡಿಎಸ್ ಅಂತ ಬೇಗ ಮುಗಿಯುವ ವ್ಯವಸ್ಥೆ ಇದ್ದಾಗ ಜಿಐಸಿ ಕಡ್ಡಾಯವಾಗಿತ್ತು. 2024ರ ನವೆಂಬರ್ 8ಕ್ಕೆ ಆ ವ್ಯವಸ್ಥೆ ನಿಂತಿತು. ಈಗ ಕಡ್ಡಾಯ ಇಲ್ಲ, ಆದರೂ ಮಾಡಿದರೆ ಒಳ್ಳೆಯದೇ. ಸ್ವಂತ ದುಡ್ಡಿನಿಂದ ವರ್ಷಕ್ಕೆ 10 ಲಕ್ಷ ದಾಟಿ ಹೊರದೇಶಕ್ಕೆ ಕಳಿಸಿದರೆ ಮೇಲಿನ ಮೊತ್ತಕ್ಕೆ ಬ್ಯಾಂಕಿನವರು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ, ರಿಟರ್ನ್ ಹಾಕಿ ವಾಪಸ್ ಕೇಳಬಹುದು. ಬ್ಯಾಂಕ್ ಸಾಲದಿಂದಲೇ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ.

ಇನ್ನು ಆ "ಒಂದು ತಿಂಗಳ ದುಡ್ಡು". ನಾಲ್ಕು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ. ಮೂರು ತಿಂಗಳು ಅಕೌಂಟಿನಲ್ಲಿ ನಲವತ್ತು ಸಾವಿರ, ನಾಲ್ಕನೆಯ ತಿಂಗಳು ಇಪ್ಪತ್ತೈದು ಲಕ್ಷ ಅಂದರೆ ಯಾರು ನಂಬುತ್ತಾರೆ? ಸುಳ್ಳು ಅಂತ ತೀರ್ಮಾನವಾದರೆ ಐದು ವರ್ಷ ಕೆನಡಾಕ್ಕೆ ಕಾಲಿಡುವಂತಿಲ್ಲ. ಆ ನಿಷೇಧ ಏಜೆಂಟನ ಹೆಸರಿಗಲ್ಲ, ನಿಮ್ಮ ಮಗಳ ಹೆಸರಿಗೆ ಬೀಳುತ್ತದೆ. ನಾಳೆ ಅವಳು ಬೇರೆ ದೇಶಕ್ಕೆ ಅರ್ಜಿ ಹಾಕಿದಾಗಲೂ ಹಿಂದೆ ಎಲ್ಲಾದರೂ ನಿರಾಕರಣೆ ಆಗಿದೆಯಾ ಅನ್ನುವ ಕಾಲಂ ಇದ್ದೇ ಇರುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಅರ್ಜಿಯನ್ನೆಲ್ಲಾ ಕನ್ಸಲ್ಟೆನ್ಸಿಯವರೇ ತುಂಬಿದ್ದಾರೆ. ಪೋರ್ಟಲ್ ಅಕೌಂಟ್ ಅವರ ಇಮೇಲ್‌ನಲ್ಲೇ ಇದೆ, ಪಾಸ್‌ವರ್ಡ್ ಕೇಳಿದರೆ "ನಿಂಗ್ಯಾಕಪ್ಪಾ, ನಾವಿಲ್ವಾ" ಅಂತಾರೆ. ಕಾಲೇಜು ಇಷ್ಟವಿಲ್ಲ ಅಂದರೆ "ಹೋಗಿ ಬದಲಾಯಿಸ್ಕೊಳ್ಳಪ್ಪಾ" ಅಂತಾರೆ. ಇದು ಸರೀನಾ?
(ಡಿಪ್ಲೊಮಾ ಮುಗಿಸಿದ ಹುಡುಗ, ಹುಮನಾಬಾದ್)

ಉತ್ತರ: ಸರಿ ಇಲ್ಲ ತಮ್ಮಾ. ಅರ್ಜಿಯಲ್ಲಿ ಏನು ಬರೆದಿದ್ದಾರೆ ಅಂತ ನಿನಗೇ ಗೊತ್ತಿಲ್ಲ, ಆದರೆ ಅದರ ಕೆಳಗೆ "ಎಲ್ಲವೂ ಸತ್ಯ" ಅಂತ ಇರುವ ಹೆಸರು ನಿನ್ನದು.

ದುಡ್ಡು ತಗೊಂಡು ಕೆನಡಾದ ವಲಸೆ ಅರ್ಜಿಯಲ್ಲಿ ನಿನ್ನ ಪರವಾಗಿ ನಿಲ್ಲಲು ಅಲ್ಲಿನ ಲೈಸೆನ್ಸ್ ಇರುವ ಸಲಹೆಗಾರರಿಗೆ, ವಕೀಲರಿಗೆ ಮತ್ತು ಕ್ವಿಬೆಕ್‌ನ ನೋಟರಿಗಳಿಗೆ ಮಾತ್ರ ಅವಕಾಶ. ಸಲಹೆಗಾರರ ಹೆಸರುಗಳು ಅಲ್ಲಿನ ನಿಯಂತ್ರಣ ಸಂಸ್ಥೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ, ಯಾರು ಬೇಕಾದರೂ ಹುಡುಕಬಹುದು. ಪ್ರತಿನಿಧಿ ಇದ್ದರೆ ಐಎಂಎಂ 5476 ಅನ್ನುವ ಫಾರ್ಮಿನಲ್ಲಿ ಅವರ ಹೆಸರು ಬರೆದು ನೀನು ಸಹಿ ಹಾಕಬೇಕು. ಸಹಿ ಹಾಕಿದ್ದೀಯಾ? ಇಲ್ಲ ಅಂದರೆ ಕಾಗದದ ಮೇಲೆ ಅವರು ಯಾರೂ ಅಲ್ಲ, ಅರ್ಜಿಯನ್ನು ನೀನೇ ತುಂಬಿದ್ದೀಯ ಅಂತ ಲೆಕ್ಕ.

2023ರಲ್ಲಿ ಭಾರತದ ಎಷ್ಟೋ ವಿದ್ಯಾರ್ಥಿಗಳು ಕೆನಡಾದಲ್ಲಿ ಓದು ಮುಗಿಸಿದ ಮೇಲೆ ಗಡಿಪಾರಿನ ನೋಟಿಸ್ ಎದುರಿಸಿದರು. ಏಜೆಂಟ್ ಕೊಟ್ಟಿದ್ದ ಕಾಲೇಜಿನ ಪ್ರವೇಶ ಪತ್ರವೇ ನಕಲಿಯಾಗಿತ್ತು. ಅವರಲ್ಲೂ ಬಹಳ ಜನಕ್ಕೆ ಅದು ಗೊತ್ತಿರಲಿಲ್ಲ. ಆಮೇಲೆ, ಅದೇ ವರ್ಷ ಡಿಸೆಂಬರ್ 1ರಿಂದ, ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ಖಾತ್ರಿ ಮಾಡಿಕೊಳ್ಳುವ ನಿಯಮ ಬಂತು. ನೀನೂ ಕಾಲೇಜಿನ ಅಡ್ಮಿಶನ್ ಆಫೀಸಿಗೆ ನಿನ್ನ ಸ್ಟೂಡೆಂಟ್ ನಂಬರ್ ಹಾಕಿ ನೇರವಾಗಿ ಒಂದು ಇಮೇಲ್ ಕಳಿಸು, ಎರಡು ಸಾಲು ಸಾಕು. ಪ್ರಾಂತ್ಯದ ಅಟೆಸ್ಟೇಶನ್ ಲೆಟರ್, ಅದೇ ಪಿಎಎಲ್ ಅಂತಾರಲ್ಲ, ಆ ಪ್ರಾಂತ್ಯದ ಕೋಟಾದಲ್ಲಿ ನಿನಗೆ ಜಾಗ ಇದೆ ಅನ್ನುವ ಪತ್ರ, ಅದು ಬಂದಿದೆಯಾ ಅಂತಲೂ ಕೇಳು. 2024ರ ಜನವರಿಯಿಂದ ನಿನ್ನಂಥ ಡಿಪ್ಲೊಮಾ ಅರ್ಜಿದಾರರಿಗೆ ಅದು ಇಲ್ಲದಿದ್ದರೆ ಅರ್ಜಿಯನ್ನೇ ವಾಪಸ್ ಕಳಿಸುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯಗಳ ಮಾಸ್ಟರ್ಸ್, ಪಿಎಚ್‌ಡಿಯವರಿಗೆ ಮಾತ್ರ 2026ರ ಜನವರಿಯಿಂದ ವಿನಾಯಿತಿ ಸಿಕ್ಕಿದೆ.

"ಹೋಗಿ ಬದಲಾಯಿಸ್ಕೋ" ಅನ್ನುವುದು ಹಳೇ ಮಾತು. 2024ರ ನವೆಂಬರ್‌ನಿಂದ ಕಾಲೇಜು ಬದಲಾಯಿಸಬೇಕು ಅಂದರೆ ಹೊಸ ಸ್ಟಡಿ ಪರ್ಮಿಟ್‌ಗೇ ಅರ್ಜಿ ಹಾಕಬೇಕು. ಇಷ್ಟವಿಲ್ಲದ ಕಾಲೇಜಿಗೆ ಈಗಲೇ ಬೇಡ ಅನ್ನು.

ಪಾಸ್‌ವರ್ಡ್ ಕೊಡದಿದ್ದರೆ? ಅರ್ಜಿ ಇನ್ನೂ ಸಲ್ಲಿಸಿಲ್ಲ ಅಂದರೆ ನಿನ್ನ ಇಮೇಲ್‌ನಲ್ಲೇ ಹೊಸ ಅಕೌಂಟ್ ತೆರೆದು ನೀನೇ ತುಂಬು. ಡಿಪ್ಲೊಮಾ ಪಾಸಾದವನಿಗೆ ಆ ಫಾರ್ಮು ಕಷ್ಟ ಏನಲ್ಲ. ಒಂದು ಭಾನುವಾರ ಬೇಕು, ಮನೆಯಲ್ಲಿ ಕರೆಂಟ್ ಇರಬೇಕು.

ಪ್ರಶ್ನೆ: ನನ್ನ ಅರ್ಜಿ ರಿಜೆಕ್ಟ್ ಆಯಿತು. ಓದು ಮುಗಿದ ಮೇಲೆ ಕೆನಡಾ ಬಿಟ್ಟು ಬರುತ್ತೀರಿ ಅನ್ನುವ ನಂಬಿಕೆ ನಮಗಿಲ್ಲ ಅಂತ ಬರೆದಿದ್ದಾರೆ. 2019ರಲ್ಲಿ ಬಿಕಾಂ ಮಾಡಿದೆ, ಆಮೇಲೆ ಐದು ವರ್ಷ ದಾಲ್ ಮಿಲ್ಲಿನಲ್ಲಿ ಅಕೌಂಟ್ಸ್ ನೋಡಿಕೊಂಡೆ. ಹಾಕಿದ್ದು ಹಾಸ್ಪಿಟಾಲಿಟಿ ಡಿಪ್ಲೊಮಾಕ್ಕೆ. ಮತ್ತೆ ಅದನ್ನೇ ಹಾಕಬಹುದಾ?
(ಕಲಬುರಗಿಯ ಓದುಗ)

ಉತ್ತರ: ಹಾಕಬಹುದು, ಎಷ್ಟು ಸಲ ಬೇಕಾದರೂ. ಅದೇ ಕಾಗದ ಹಾಕಿದರೆ ಬರುವ ಉತ್ತರವೂ ಅದೇ, 150 ಡಾಲರ್ ಫೀ ಮಾತ್ರ ಪ್ರತಿ ಸಲ ಹೋಗುತ್ತದೆ.

ಮೊದಲು ಯಾಕೆ ಬೇಡ ಅಂದರು ಅಂತ ತಿಳಿದುಕೊಳ್ಳಿ. 2025ರ ಜುಲೈ ಕೊನೆಯಿಂದ ಎಷ್ಟೋ ನಿರಾಕರಣೆ ಪತ್ರಗಳ ಜೊತೆ ಆಫೀಸರ್ ಬರೆದ ಟಿಪ್ಪಣಿಯನ್ನೂ ಕಳಿಸುತ್ತಿದ್ದಾರೆ. ಪೋರ್ಟಲ್‌ನಲ್ಲಿ ಪತ್ರದ ಕೊನೆಯ ಪುಟದ ತನಕ ನೋಡಿ. ಅದರಲ್ಲಿ ಇರದಿದ್ದರೆ ನಿಮ್ಮ ಫೈಲಿನ ಟಿಪ್ಪಣಿ ಕೊಡಿ ಅಂತ ಇಲಾಖೆಗೆ ಪ್ರತ್ಯೇಕ ಅರ್ಜಿ ಹಾಕಬಹುದು.

ನಿಮ್ಮ ಪತ್ರ ಓದಿದ ಮೇಲೆ ನನಗೆ ಬಂದ ಪ್ರಶ್ನೆಯೇ ಅವರಿಗೂ ಬಂದಿರುತ್ತದೆ. ಬಿಕಾಂ, ಐದು ವರ್ಷ ಮಿಲ್ಲಿನ ಲೆಕ್ಕ, ಒಮ್ಮೆಲೇ ಹೋಟೆಲ್. ಯಾಕೆ? ನಿಮಗೆ ನಿಜವಾಗಿ ಹೋಟೆಲ್ ಮಾಡುವ ಆಸೆ ಇದ್ದರೆ, ಕಲಬುರಗಿಯಲ್ಲಿ ಜಾಗ ನೋಡಿದ್ದರೆ, ಮನೆಯವರದ್ದು ಖಾನಾವಳಿ ಇದ್ದರೆ, ಅದನ್ನು ಬರೆಯಿರಿ. ಸೀಟು ಸುಲಭವಾಗಿ ಸಿಗುತ್ತದೆ ಅಂತ ಯಾರೋ ಹಾಕಿಸಿದ್ದಾದರೆ, ಕೋರ್ಸ್ ಬದಲಾಯಿಸಿ. ಐದು ವರ್ಷ ದಾಲ್ ಮಿಲ್ಲಿನಲ್ಲಿ ಕೂತವರು ನೀವು. ತೊಗರಿ ಬರುವ ತಿಂಗಳು ಸ್ಟಾಕ್ ಎಷ್ಟು ಏರುತ್ತದೆ, ಬೇಳೆ ಒಡೆದಾಗ ನುಚ್ಚು, ಹೊಟ್ಟು ಎಷ್ಟು ಹೋಗುತ್ತದೆ, ಗೋದಾಮಿನ ಬಾಡಿಗೆ ಯಾವಾಗ ಲಾಭವನ್ನೇ ತಿನ್ನುತ್ತದೆ ಅಂತ ನಿಮಗೆ ಗೊತ್ತಿರುವಷ್ಟು ಯಾವ ಎಸ್‌ಒಪಿ (ಈ ಕೋರ್ಸ್ ಯಾಕೆ ಅಂತ ವಿವರಿಸುವ ಪತ್ರ) ಬರೆದುಕೊಡುವವನಿಗೂ ಗೊತ್ತಿಲ್ಲ. ಸಪ್ಲೈ ಚೈನ್, ಆಹಾರ ಸಂಸ್ಕರಣೆ, ಅಕೌಂಟಿಂಗ್, ಇವುಗಳಲ್ಲಿ ಯಾವುದಾದರೂ ಆದರೆ ನಿಮ್ಮ ಕಥೆಗೆ ತಲೆ ಬಾಲ ಎರಡೂ ಸಿಗುತ್ತವೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ವಾಪಸ್ ಬಂದು ಏನು ಮಾಡುತ್ತೀರಿ ಅನ್ನುವುದಕ್ಕೆ ಅದನ್ನು ಹಿಡಿದೇ ಎರಡು ಸಾಲು ಬರೆಯಬಹುದು.

ಆ ಪತ್ರವನ್ನು, ಅಂದರೆ ಸ್ಟಡಿ ಪ್ಲಾನನ್ನು, ನೀವೇ ಬರೆಯಿರಿ. ಇಂಗ್ಲಿಷ್ ಅಲ್ಲಲ್ಲಿ ತೊಡರಿದರೂ ಪರವಾಗಿಲ್ಲ. ಅಂಗಡಿಯಲ್ಲಿ ಬರೆಸಿದವು ಎಲ್ಲರದೂ ಒಂದೇ ಥರ ಇರುತ್ತವೆ, "ಕೆನಡಾದ ವಿಶ್ವದರ್ಜೆಯ ಶಿಕ್ಷಣ" ಅಂತಲೇ ಶುರು. ದಿನಾ ಅದನ್ನೇ ಓದುವವರಿಗೆ ಸಾಕಾಗಿರುತ್ತದೆ.

ಇನ್ನೊಂದು ವಿಷಯ. ಓದು ಮುಗಿದ ಮೇಲೆ ಸಿಗುವ ವರ್ಕ್ ಪರ್ಮಿಟ್ ಈಗ ಎಲ್ಲಾ ಡಿಪ್ಲೊಮಾಗಳಿಗೂ ಇಲ್ಲ. 2024ರ ನವೆಂಬರ್ 1ರ ನಂತರ ಅರ್ಜಿ ಹಾಕಿದವರ ಡಿಪ್ಲೊಮಾ ವಿಷಯ ಇಲಾಖೆಯ ಪಟ್ಟಿಯಲ್ಲಿ ಇರಬೇಕು, ಆ ಪಟ್ಟಿ ಆರೋಗ್ಯ, ಕೃಷಿ, ವಿಜ್ಞಾನ ಮತ್ತು ತಂತ್ರಜ್ಞಾನ, ಸಾರಿಗೆ, ಕೈಕಸುಬಿನ ಟ್ರೇಡ್‌ಗಳು, ಶಿಕ್ಷಣ ಇವುಗಳ ಸುತ್ತಲೇ ಇದೆ. ಫೀ ಕಟ್ಟುವ ಮೊದಲು ನಿಮ್ಮ ಕೋರ್ಸಿನ ಕೋಡ್ ಕೇಳಿ ಪಟ್ಟಿಯಲ್ಲಿ ಹುಡುಕಿ.

ಪ್ರಶ್ನೆ: ಒಬ್ಬನೇ ಮಗ. ಮೊದಲ ಸೆಮಿಸ್ಟರ್ ಫೀ ಕಟ್ಟಿದರೆ ಸಾಕಂತೆ, ಉಳಿದದ್ದು ಅಲ್ಲಿ ಪಾರ್ಟ್ ಟೈಮ್ ಕೆಲಸ ಮಾಡಿ ಕಟ್ಟಿಕೊಳ್ಳುತ್ತಾನಂತೆ. ನಂಬಬಹುದೇನ್ರೀ?
(ಒಬ್ಬ ತಾಯಿ, ಆಳಂದ)

ಉತ್ತರ: ನಂಬಬೇಡಿ ತಾಯಿ. ಕಾಲೇಜು ನಡೆಯುವಾಗ ಹೊರಗೆ ಕೆಲಸ ಮಾಡಲು ವಾರಕ್ಕೆ 24 ಗಂಟೆ ಮಾತ್ರ ಅವಕಾಶ. ಒಂಟಾರಿಯೊ ಪ್ರಾಂತ್ಯದಲ್ಲಿ ಕನಿಷ್ಠ ಕೂಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ 17.60 ಡಾಲರ್. ಪೂರ್ತಿ 24 ಗಂಟೆ ಕೆಲಸ ಸಿಕ್ಕರೆ ವಾರಕ್ಕೆ 422 ಡಾಲರ್, ಅದರಲ್ಲೂ ಕಡಿತ ಇರುತ್ತದೆ. ಬಾಡಿಗೆ, ಊಟ, ಬಸ್ ಪಾಸ್ ನಡೆದರೆ ಹೆಚ್ಚು. ವರ್ಷಕ್ಕೆ ಹತ್ತು ಹದಿನೈದು ಸಾವಿರ ಡಾಲರ್ ಫೀ ಅದರಲ್ಲಿ ಹುಟ್ಟುವುದಿಲ್ಲ. ಹೋದ ತಕ್ಷಣ ಕೆಲಸ ಸಿಗುತ್ತದೆ ಅನ್ನುವುದೂ ಖಾತ್ರಿ ಇಲ್ಲ. ಫೀ ಕಟ್ಟಲು ನಿಯಮ ಮುರಿದು ಜಾಸ್ತಿ ಗಂಟೆ ದುಡಿದರೆ ಪರ್ಮಿಟ್‌ಗೇ ಕುತ್ತು. ಪೂರ್ತಿ ಕೋರ್ಸಿನ ಫೀ ಎಷ್ಟು, ಅದನ್ನು ಎಲ್ಲಿಂದ ತರುತ್ತೀರಿ ಅಂತ ಮಗನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಲೆಕ್ಕ ಕೂಡದಿದ್ದರೆ ಒಂದು ವರ್ಷ ತಡೆದು ಹೋಗಲಿ, ವಯಸ್ಸೇನು ಓಡಿಹೋಗುವುದಿಲ್ಲ.

ಪ್ರಶ್ನೆ: ಜನನ ಪ್ರಮಾಣಪತ್ರದಲ್ಲಿ "ಗುಲ್ಬರ್ಗಾ ಜಿಲ್ಲೆ, ಯಾದಗಿರಿ ತಾಲೂಕು" ಅಂತ ಇದೆ, ಆಧಾರ್‌ನಲ್ಲಿ ಯಾದಗಿರಿ ಜಿಲ್ಲೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದೆ. ತೊಂದರೆ ಆಗುತ್ತಾ?
(ಯಾದಗಿರಿಯ ಓದುಗಿ)

ಉತ್ತರ: ಯಾದಗಿರಿ 2009ರ ಕೊನೆಯಲ್ಲಿ ಜಿಲ್ಲೆಯಾಯಿತು, ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಹಾಗಾಗಿ ನಿಮ್ಮ ವಯಸ್ಸಿನ ಎಲ್ಲರ ಕಾಗದವೂ ಹೀಗೇ ಇದೆ. ಫಾರ್ಮಿನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ತುಂಬಿ, ಈ ಎರಡು ಸಂಗತಿ ಬರೆದ ಅರ್ಧ ಪುಟದ ವಿವರಣೆ ಲಗತ್ತಿಸಿ. ಸರ್‌ನೇಮ್ ಖಾಲಿ ಇದ್ದರೆ ನಿಮ್ಮ ಪೂರ್ತಿ ಹೆಸರನ್ನು ಕೆನಡಾದ ಫಾರ್ಮಿನ ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗ ಖಾಲಿ ಬಿಡಬೇಕು. ಇಲ್ಲದ ಮನೆತನದ ಹೆಸರನ್ನು ಸೇರಿಸಲು ಹೋಗಬೇಡಿ. ಸಮಯ ಇದ್ದರೆ ಪಾಸ್‌ಪೋರ್ಟನ್ನೇ ಸರಿ ಮಾಡಿಸುವುದು ಒಳ್ಳೆಯದು, ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ.

ಪ್ರಶ್ನೆ: 371(ಜೆ) ಸರ್ಟಿಫಿಕೇಟ್ ಲಗತ್ತಿಸಬೇಕಾ?
(ಸೇಡಂ)

ಉತ್ತರ: ಬೇಡ. ಅದು ಇಲ್ಲಿನ ಸೀಟಿಗೆ, ಇಲ್ಲಿನ ನೌಕರಿಗೆ. ಒಟ್ಟಾವಾದಲ್ಲಿ ಕೂತವರಿಗೆ ಅದು ಇನ್ನೊಂದು ಕಾಗದ ಅಷ್ಟೇ.

ಪ್ರಶ್ನೆ: ಬಯೊಮೆಟ್ರಿಕ್‌ಗೆ ಬೆಂಗಳೂರಿಗೇ ಹೋಗಬೇಕಾ? ಮೆಡಿಕಲ್ ಇಲ್ಲೇ ಸಿವಿಲ್ ಆಸ್ಪತ್ರೆಯಲ್ಲಿ ಮಾಡಿಸಬಹುದಾ?
(ಬೀದರ್)

ಉತ್ತರ: ಕೆನಡಾಕ್ಕಾದರೆ ಹೈದರಾಬಾದ್ ಸಾಕು, ನಿಮಗೆ ನೂರೈವತ್ತು ಕಿಲೋಮೀಟರ್ ಒಳಗೇ ಆಯಿತು. ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬಯೊಮೆಟ್ರಿಕ್ ಫೀ 85 ಡಾಲರ್ ಅನ್ನು ಅರ್ಜಿ ಫೀ ಜೊತೆಗೇ ಕಟ್ಟಿ. ಆಮೇಲೆ ಪೋರ್ಟಲ್‌ಗೆ ಒಂದು ಪತ್ರ ಬರುತ್ತದೆ, ಅದು ಬಂದ 30 ದಿನದೊಳಗೆ ಬೆರಳಚ್ಚು ಕೊಡಬೇಕು. ಪತ್ರದ ಪ್ರಿಂಟ್, ಪಾಸ್‌ಪೋರ್ಟ್ ಎರಡೂ ಒಯ್ಯಿರಿ. ಒಮ್ಮೆ ಕೊಟ್ಟರೆ ಹತ್ತು ವರ್ಷ ನಡೆಯುತ್ತದೆ. ಮೆಡಿಕಲ್ ಮಾತ್ರ ಅವರ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರವೇ ಆಗಬೇಕು, ಹೈದರಾಬಾದ್, ಬೆಂಗಳೂರು ಎರಡೂ ಕಡೆ ಇದ್ದಾರೆ. ಎರಡಕ್ಕೂ ಒಂದೇ ದಿನ ಅಪಾಯಿಂಟ್‌ಮೆಂಟ್ ಸಿಗುತ್ತಾ ನೋಡಿ.

ಪ್ರಶ್ನೆ: ಬಿಇ ಮುಗಿಸಿದ್ದೇನೆ. ಕೆನಡಾ ಬೇಡ, ಜರ್ಮನಿ ಫೀ ಇಲ್ಲ ಅಂತಾರೆ. ನಿಜಾನಾ?
(ಭಾಲ್ಕಿ)

ಉತ್ತರ: ಹೆಚ್ಚುಕಡಿಮೆ ನಿಜ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕೋರ್ಸುಗಳಿಗೆ ಟ್ಯೂಷನ್ ಫೀ ಇಲ್ಲ, ಆದರೆ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯುರೋ. ಆದರೆ ಒಂದು ವರ್ಷದ ಖರ್ಚು 11,904 ಯುರೋ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು, ತಿಂಗಳಿಗೆ 992ರಂತೆ ಬಿಡುತ್ತಾರೆ. 2022ರ ನವೆಂಬರ್‌ನಿಂದ ಭಾರತದವರಿಗೆ ಎಪಿಎಸ್ ಸರ್ಟಿಫಿಕೇಟ್ (ಓದಿನ ದಾಖಲೆಗಳು ಅಸಲಿ ಅಂತ ಖಾತ್ರಿ ಮಾಡುವ ಪತ್ರ) ಕಡ್ಡಾಯ, ಫೀ 18,000 ರೂಪಾಯಿ. ಅದಕ್ಕೆ ಎಲ್ಲಾ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಬೇಕು, ಹಾಗಾಗಿ ಕಳೆದುಹೋದದ್ದೇನಾದರೂ ಇದ್ದರೆ ವಿಶ್ವವಿದ್ಯಾಲಯಕ್ಕೆ ಈಗಲೇ ಅರ್ಜಿ ಹಾಕಿ. ಇಲ್ಲಿ ಹೈದರಾಬಾದ್ ನಡೆಯುವುದಿಲ್ಲ, ಕರ್ನಾಟಕದವರ ವೀಸಾ ಬೆಂಗಳೂರಿನ ಮೂಲಕವೇ.

ಪ್ರಶ್ನೆ: ಅಪ್ಪ ಅಮ್ಮ ಕೂಲಿ ಮಾಡುತ್ತಾರೆ, ಸ್ವಂತ ಹೊಲ ಇಲ್ಲ. ಎಂಎಸ್ಸಿಯಲ್ಲಿ ಒಳ್ಳೆಯ ಮಾರ್ಕ್ಸ್ ಇದೆ. ನಮ್ಮಂಥವರಿಗೆ ದಾರಿ ಇದೆಯಾ?
(ಚಿತ್ತಾಪುರ)

ಉತ್ತರ: ಇದೆ ತಂಗಿ, ಅದೂ ಸಾಲ ಇಲ್ಲದ ದಾರಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂಮಿ ಇಲ್ಲದ ಕೃಷಿ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ವಯಸ್ಸು 35ರೊಳಗೆ, ಮಾರ್ಕ್ಸ್ ಕನಿಷ್ಠ ಶೇ 60, ವಿಶ್ವವಿದ್ಯಾಲಯ ಜಗತ್ತಿನ ಮೊದಲ 500ರೊಳಗೆ ಇರಬೇಕು. ಪರಿಶಿಷ್ಟ ಸಮುದಾಯದವರಾದರೆ ರಾಜ್ಯದ ಪ್ರಬುದ್ಧ ಯೋಜನೆಯನ್ನೂ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಮೊದಲು ಮಾಡಿಸಿಡಿ. ಅರ್ಜಿ ಬಿಟ್ಟಾಗ ನಾಡಕಚೇರಿಯ ಮುಂದೆ ಎಲ್ಲರೂ ಒಮ್ಮೆಗೇ ನಿಲ್ಲುತ್ತಾರೆ.

ಪ್ರಶ್ನೆ: ಪಾಸ್‌ಪೋರ್ಟ್‌ಗೆ ವೀಸಾ ಸ್ಟಿಕ್ಕರ್ ಬಂದಿದೆ. ಪರ್ಮಿಟ್ ಇನ್ನೂ ಬಂದಿಲ್ಲ. ಹೊರಡಬಹುದಾ?
(ಬಸವಕಲ್ಯಾಣ)

ಉತ್ತರ: ಹೊರಡಿ. ಪರ್ಮಿಟ್ ಮನೆಗೆ ಬರುವುದಿಲ್ಲ, ಕೆನಡಾದಲ್ಲಿ ಇಳಿದ ಏರ್‌ಪೋರ್ಟಿನಲ್ಲೇ ಮುದ್ರಿಸಿ ಕೊಡುತ್ತಾರೆ. ಅರ್ಜಿ ಒಪ್ಪಿಗೆಯಾದಾಗ ನಿಮಗೆ ಬಂದಿರುವ ಪರಿಚಯ ಪತ್ರ (ಲೆಟರ್ ಆಫ್ ಇಂಟ್ರೊಡಕ್ಷನ್), ಕಾಲೇಜಿನ ಪ್ರವೇಶ ಪತ್ರ, ಪಿಎಎಲ್ ಇದ್ದರೆ ಅದು, ದುಡ್ಡಿನ ಕಾಗದ, ಇವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಚೆಕ್-ಇನ್ ಲಗೇಜಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಕೆಳಗೆ ಹಾಕಿದರೆ ಅಧಿಕಾರಿ ಕೇಳಿದಾಗ ಕೈಗೆ ಸಿಗುವುದಿಲ್ಲ. ಪರ್ಮಿಟ್ ಕೈಗೆ ಬಂದ ಮೇಲೆ ಕೌಂಟರ್ ಬಿಡುವ ಮುಂಚೆ ಹೆಸರು, ಮುಗಿಯುವ ತಾರೀಖು, ಕೆಲಸ ಮಾಡಲು ಅನುಮತಿ ಇದೆ ಅನ್ನುವ ಸಾಲು, ಮೂರನ್ನೂ ಓದಿ. ತಪ್ಪಿದ್ದರೆ ಅಲ್ಲೇ ಹೇಳಿ ತಿದ್ದಿಸಿಕೊಳ್ಳಿ, ಹೊರಗೆ ಬಂದ ಮೇಲೆ ಅದಕ್ಕೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಪಾಸ್‌ಪೋರ್ಟ್ ಎಷ್ಟು ದಿನ ಇದೆಯೋ ಅದರಾಚೆಗೆ ಪರ್ಮಿಟ್ ಕೊಡುವುದಿಲ್ಲ, ಹಾಗಾಗಿ ನಿಮ್ಮ ಪಾಸ್‌ಪೋರ್ಟ್ ಕೋರ್ಸಿಗಿಂತ ಮೊದಲೇ ಮುಗಿಯುವುದಾದರೆ ಪರ್ಮಿಟ್ ತಾರೀಖು ಕಡಿಮೆ ಇರುತ್ತದೆ. ಅದು ಅವರ ತಪ್ಪಲ್ಲ, ಅಲ್ಲೇ ಪಾಸ್‌ಪೋರ್ಟ್ ನವೀಕರಿಸಿಕೊಂಡು ಪರ್ಮಿಟ್ ಮುಂದುವರಿಸಲು ಅರ್ಜಿ ಹಾಕಬಹುದು.